ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು

ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ಹೆಸರು ಪಡುವಣ ಕಡಲಿನ ತೀರದಲ್ಲಿ ಮನೆಮನೆಯ ಮಾತಾಗಿದೆ. ಘಟ್ಟದ ಮೇಲಿನ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯಲ್ಲಾದರೋ ಅವರು ಕಟ್ಟಿದ ಬ್ಯಾಂಕಿನ ಹೆಸರನ್ನು ಬಲ್ಲವರು ಅನೇಕರು, ಕಟ್ಟಿದವರನ್ನು ಬಲ್ಲವರು ವಿರಳ. ಬ್ಯಾಂಕಿನ ಚರಿತ್ರೆಯನ್ನು ಬರೆಯುವುದಕ್ಕೆ ಬೇರೆ ಬಲ್ಲವರಿದ್ದಾರೆ. ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ತಾಯ್ತಂದೆಯರೂ ಓದುವ ಈ ಸಂಚಿಕೆಗೆ ನಾವು ಸಾಹೇಬರ ಜೀವನವನ್ನು ಆರಿಸಿಕೊಂಡುದು, ಅವರು ತಮ್ಮ ಹುಟ್ಟೂರಿನಲ್ಲಿ ಬಡವರ ಆಸ್ಪತ್ರೆಗೆಂದು ಬಿಟ್ಟುಕೊಟ್ಟ ನೆಲದ ಕಾರಣದಿಂದ. ಆ ನೆಲದ ಮೇಲೆ ಹೆಂಗಸರ ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆಯು ಬೆಳೆಯಿತು. ಕೊಟ್ಟವರು ತೀರಿಹೋಗಿ ಎಂಬತ್ತು ವರ್ಷಗಳಾದ ಮೇಲೆ ಆ ನೆಲವು ಯಾರದೆಂಬ ಪ್ರಶ್ನೆ ಮತ್ತೊಮ್ಮೆ ಎದ್ದಿತು. ಆದ್ದರಿಂದ ಇದು ಹಳೆಯ ಕಾಲದ ಕಥೆಯಾದರೂ ಮುಗಿದುಹೋದ ಕಥೆಯಲ್ಲ.

ಹಾಜಿ ಅಬ್ದುಲ್ಲಾ ಸಾಹೇಬರು 1882ನೆಯ ಇಸವಿಯಲ್ಲಿ ಜನಿಸಿದರು. ಆಗ ಉಡುಪಿಯು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಮಧ್ವಾಚಾರ್ಯರು ಪ್ರತಿಷ್ಠಿಸಿದ ಕೃಷ್ಣನ ಗುಡಿ, ಅದರ ಸುತ್ತ ಅಷ್ಟಮಠಗಳು, ಎರಡು ವರ್ಷಕ್ಕೊಮ್ಮೆ ಮಠದಿಂದ ಮಠಕ್ಕೆ ಪೂಜೆಯ ಅಧಿಕಾರ ಸಾಗುವ ಪರ್ಯಾಯೋತ್ಸವ, ರಥಬೀದಿಯ ಅಂಗಡಿಸಾಲು, ಇವೇ ಆ ಊರಿನ ವೈಭವ. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಮಲ್ಪೆಯ ಬಂದರು. ಮಂಗಳೂರಿಗೆ ರೈಲು ಬಂದುದೇ 1907ರಲ್ಲಿ. ಉಡುಪಿಯಾದರೋ ರೈಲನ್ನು ಕಾಣಲು ಕೊಂಕಣ ರೈಲ್ವೆಯು ಹುಟ್ಟುವ ತನಕ, ಅಂದರೆ ಆ ಶತಮಾನದ ಕೊನೆಯ ತನಕ ಕಾಯಬೇಕಾಯಿತು. ಇಂತಿರಲು ಅಕ್ಕಿ, ಎಣ್ಣೆ, ಜವಳಿ, ಬೆಲ್ಲಗಳೆಲ್ಲ ಹಡಗಿನಿಂದಲೋ ಎತ್ತಿನ ಗಾಡಿಯಿಂದಲೋ ಬರಬೇಕಾಗಿದ್ದಿತು. ಮಳೆಗಾಲದಲ್ಲಿ ಸಮುದ್ರವು ಮುನಿದರೆ ಹಡಗುಗಳು ನಿಲ್ಲುತ್ತಿದ್ದವು. ಬರಗಾಲವೆಂದರೆ ಬಯಲುಸೀಮೆಯವರಾದ ನಮಗೆ ಮಳೆ ಬಾರದಿರುವುದು. ಅವರಿಗೆ ಮಳೆ ಸುರಿಯುತ್ತಿರುವಾಗಲೇ ಅಕ್ಕಿ ಮುಗಿಯುವುದು. ಇಂಥ ಊರಿನಲ್ಲಿ ಸಾಹೇಬರ ಮನೆತನದವರು ದೊಡ್ಡ ವರ್ತಕರು. ಸಾಹೇಬರಿಗೆ ಹುಟ್ಟಿನಿಂದಲೇ ಸಿರಿಯಿದ್ದಿತು. ಅದನ್ನು ಅವರು ಏನು ಮಾಡಿದರೆಂಬುದೇ ಹೇಳತಕ್ಕ ವಿಷಯ.

ಮೊದಲನೆಯದಾಗಿ ಅವರು ಅದನ್ನು ಬೀಗದೊಳಗೆ ಇಡಲಿಲ್ಲ. ಆ ಕಾಲದಲ್ಲಿ ಸಣ್ಣ ಒಕ್ಕಲಿಗನಿಗೂ ಸಣ್ಣ ವ್ಯಾಪಾರಿಗೂ ಹಣ ಬೇಕಾದರೆ ಸಾಹುಕಾರನ ಜಗಲಿಯೇ ಗತಿ. ನಮ್ಮ ಕಡೆಯ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಅದು ಒಳಗೇ ಒಣಗಿ ಉಂಡೆ ಕೊಬ್ಬರಿಯಾಗುವುದಕ್ಕೆ ಹತ್ತು ಹನ್ನೆರಡು ತಿಂಗಳು ಬೇಕು. ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದರೆ ಅದು ಅಷ್ಟು ದಿನ ತಾಳುವುದಿಲ್ಲ. ಕೊಬ್ಬರಿ ಅಟ್ಟದಿಂದ ಇಳಿಯುವ ಮೊದಲೇ ಮಂಡಿಯವರಿಂದ ಮುಂಗಡ ತಂದು, ಇಳಿದ ಮೇಲೆ ಅವರು ಹೇಳಿದ ಬೆಲೆಗೆ ತೂಗಿದ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಬೇಕಾದಷ್ಟಿದ್ದವು. ಕರಾವಳಿಯಲ್ಲಿ ಬೆಳೆ ಬೇರೆ, ಕಷ್ಟ ಇದೇ.

1905ರ ಬಂಗಾಳದ ವಿಭಜನೆಯ ತರುವಾಯ ಸ್ವದೇಶಿಯ ಗಾಳಿ ದೇಶವೆಲ್ಲ ಬೀಸಿದಾಗ, ಅದು ಅನೇಕ ಕಡೆಗಳಲ್ಲಿ ಭಾಷಣಗಳಲ್ಲಿಯೂ ಪರದೇಶದ ಬಟ್ಟೆಯ ಬಹಿಷ್ಕಾರದಲ್ಲಿಯೂ ತೋರಿಕೊಂಡಿತು. ದಕ್ಷಿಣ ಕನ್ನಡದ ಜನರು ಬುದ್ಧಿವಂತರು. ಅವರು ಅದನ್ನು ಲೆಕ್ಕದ ಪುಸ್ತಕಕ್ಕೆ ಇಳಿಸಿದರು. 1906ನೆಯ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಸಾಹೇಬರೂ ಊರಿನ ಕೆಲವು ಮಂದಿ ಗಣ್ಯರೂ ಸೇರಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಸಾಹೇಬರು ಅದರ ಮೊದಲ ಅಧ್ಯಕ್ಷರು. ಆಗ ಅವರಿಗೆ ಇಪ್ಪತ್ತನಾಲ್ಕರ ಸುಮಾರು ಪ್ರಾಯ. ಮೂಲಧನವು 5,000 ರೂಪಾಯಿ. ಮೊದಲ ದಿನ ಕೂಡಿದ ಹಣವು 38 ರೂಪಾಯಿ 13 ಆಣೆ 2 ಪೈ. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ ಎಂಬ ಲೆಕ್ಕವನ್ನು ಈಗಿನ ಮಕ್ಕಳು ಅರಿಯರು. ಆ ಎರಡು ಪೈ ಕಾಸನ್ನು ನಾವು ವಿಶೇಷವಾಗಿ ಗಮನಿಸುತ್ತೇವೆ. ಅದನ್ನು ತಂದವರು ಯಾರೇ ಆಗಿರಲಿ, ಸಿರಿವಂತರ ಮಗನೊಬ್ಬನು ಅಧ್ಯಕ್ಷನಾಗಿದ್ದ ಮೇಜಿನ ಮುಂದೆ ಅದಕ್ಕೂ ರಶೀದಿ ದೊರಕಿತು. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿಯೂ ಉಳಿತಾಯದ ಅಭ್ಯಾಸವನ್ನು ಬೆಳೆಸುವುದೇ ಸಂಸ್ಥೆಯ ಉದ್ದೇಶವೆಂದು ಸ್ಥಾಪಕರು ಸಾರಿದರು.

ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮತ್ತೊಂದು ಬ್ಯಾಂಕನ್ನು ಸ್ಥಾಪಿಸಿದರು. ಅದೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಆ ಪೈಗಳೇ 1894ರಲ್ಲಿ ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ತೆರೆದಿದ್ದವರೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಾಗದು. ಅದೇ 1906ರ ಅಕ್ಟೋಬರಿನಲ್ಲಿ ಮದರಾಸಿನ ಆರ್ಬತ್ನಾಟ್ ಎಂಬ ಇಂಗ್ಲಿಷರ ದೊಡ್ಡ ಬ್ಯಾಂಕು ಮುಳುಗಿ, ಅದನ್ನು ನಂಬಿದ್ದ ಸಾವಿರಾರು ಸಂಸಾರಗಳು ಬೀದಿಗೆ ಬಂದವು. ಅಂಥ ವರ್ಷದಲ್ಲಿ ಉಡುಪಿಯ ಪುಟ್ಟ ಸಂಸ್ಥೆಯು ನಿಂತುಕೊಂಡಿತು. 1923ರಲ್ಲಿ ಕುಂದಾಪುರದಲ್ಲಿ ಅದರ ಮೊದಲ ಶಾಖೆಯೂ 1926ರಲ್ಲಿ ಮಂಗಳೂರಿನ ಶಾಖೆಯೂ ತೆರೆದವು. ಅವಸರವಿಲ್ಲದ ಬೆಳವಣಿಗೆ ಅದು. ಹದಿನೇಳು ವರ್ಷ ಒಂದೇ ಊರಿನಲ್ಲಿ ಬೇರು ಬಿಟ್ಟು ಆಮೇಲೆ ಕೊಂಬೆ ಚಾಚಿದ ಮರದಂತೆ.

ಸಾಹೇಬರ ದಾನದ ಕುರಿತು ಉಡುಪಿಯವರು ಹೇಳುವ ಕಥೆಗಳು ಹಲವು. ಅಕ್ಕಿಗೆ ಬರ ಬಂದಾಗ ಅವರು ಬರ್ಮಾ ದೇಶದಿಂದ ಅಕ್ಕಿ ತರಿಸಿ ಬಡವರಿಗೆ ಹಂಚಿದರೆಂದು ಜನರು ಇಂದಿಗೂ ನೆನೆಯುತ್ತಾರೆ. ಒಂದನೆಯ ಮಹಾಯುದ್ಧದ ಕೊನೆಯ ವರ್ಷಗಳನ್ನು ಓದಿ ಬಲ್ಲವರಿಗೆ ಇದರ ಬೆಲೆ ತಿಳಿಯುವುದು. ಕರಾವಳಿಯ ಅನ್ನದ ಬಟ್ಟಲು ಬಹುಮಟ್ಟಿಗೆ ಬರ್ಮಾದ ಅಕ್ಕಿಯನ್ನು ನೆಚ್ಚಿಕೊಂಡಿದ್ದಿತು. ಯುದ್ಧದಿಂದ ಹಡಗುಗಳು ಸಿಗದೆ ಹೋದವು. 1918ರಲ್ಲಿ ಮದರಾಸು ಪ್ರಾಂತದ ಹಲವು ಊರುಗಳಲ್ಲಿ ಜನರು ಧಾನ್ಯದ ಅಂಗಡಿಗಳನ್ನು ಲೂಟಿ ಮಾಡಿದರು. ಅದರ ಬೆನ್ನಿಗೇ ಇನ್‌ಫ್ಲುಯೆಂಜಾ ಜ್ವರವೂ ಬಂದಿತು. ಅಕ್ಕಿ ಇದ್ದವರಿಗೆ ಅಂಥ ಕಾಲವು ಲಾಭದ ಕಾಲ. ಆ ದಾರಿಯನ್ನು ಹಿಡಿದು ಸಿರಿವಂತರಾದವರನ್ನು ಊರು ಮರೆತಿದೆ.

ಇನ್ನೊಂದು ಕಥೆಯು ಕೃಷ್ಣಮಠಕ್ಕೆ ಸಂಬಂಧಿಸಿದ್ದು. ಒಂದು ವರ್ಷ ಲಕ್ಷದೀಪೋತ್ಸವಕ್ಕೆ ದೀಪದ ಎಣ್ಣೆಯನ್ನು ಕೊಳ್ಳಲು ಮಠದಲ್ಲಿ ಹಣವಿಲ್ಲದೆ ಹೋಯಿತಂತೆ. ಸುದ್ದಿಯು ಸಾಹೇಬರ ಕಿವಿಗೆ ಬಿದ್ದಿತು. ಬೇಕಾದ ಎಣ್ಣೆಯೆಲ್ಲ ಅವರ ಕಡೆಯಿಂದ ಮಠವನ್ನು ಸೇರಿತು. ಆ ವರ್ಷವೂ ದೀಪಗಳು ಉರಿದವು. ಈ ಕಥೆಯನ್ನು ಉಡುಪಿಯಲ್ಲಿ ಹಿಂದೂಗಳೇ ಹೆಚ್ಚಾಗಿ ಹೇಳುವರು. ಇದರಲ್ಲಿ ನಮಗೆ ಹಿಡಿಸಿದ ಅಂಶವೇನೆಂದರೆ, ಇದನ್ನು ಅವರು ಅದ್ಭುತವನ್ನು ಹೇಳುವಂತೆ ಹೇಳದೆ, ನೆರೆಮನೆಯವರು ಹೆಪ್ಪಿಗೆ ಮಜ್ಜಿಗೆ ಕೊಟ್ಟುದನ್ನು ಹೇಳುವಂತೆ ಹೇಳುತ್ತಾರೆ.

ಅಕ್ಕಿಯಾಗಲಿ ಎಣ್ಣೆಯಾಗಲಿ ಅಂದಂದಿನ ಹಸಿವಿಗೆ ಕೊಟ್ಟುದು. ಅನ್ನ ಉಂಡ ಮೇಲೆ ಮರುದಿನ ಮತ್ತೆ ಹಸಿವು. ಎಣ್ಣೆ ತೀರಿದ ಮೇಲೆ ಕತ್ತಲೆ. ಆಸ್ಪತ್ರೆಯ ನೆಲದ ವಿಚಾರವು ಬೇರೆ ಬಗೆಯದು. ಅದನ್ನು ಅರಿಯಬೇಕಾದರೆ ಆಗ ಹೆಂಗಸರ ಪಾಡು ಹೇಗಿದ್ದಿತೆಂಬುದನ್ನು ನೆನೆಯಬೇಕು.

ಹೆರಿಗೆಯು ಮನೆಯ ಹಿಂದಿನ ಕತ್ತಲೆಯ ಕೋಣೆಯಲ್ಲಿ ಆಗುತ್ತಿದ್ದ ಕಾಲವದು. ಸೂಲಗಿತ್ತಿಯ ಕೈಗುಣ ಒಳ್ಳೆಯದಾದರೆ ತಾಯಿಯೂ ಮಗುವೂ ಉಳಿದರು. ಮಗು ಅಡ್ಡವಾಗಿದ್ದರೆ, ರಕ್ತ ನಿಲ್ಲದಿದ್ದರೆ, ಹೆತ್ತ ಮೂರನೆಯ ದಿನ ಚಳಿಜ್ವರ ಬಂದರೆ, ಮಾಡತಕ್ಕದ್ದು ಏನೂ ಇರಲಿಲ್ಲ. ಹೊಕ್ಕುಳ ಬಳ್ಳಿಯನ್ನು ಕೊಯ್ದ ಕತ್ತಿಯಿಂದಲೇ ಧನುರ್ವಾಯು ತಗಲಿ ವಾರದೊಳಗೆ ಸಾಯುವ ಶಿಶುಗಳಿಗೆ ಲೆಕ್ಕವಿರಲಿಲ್ಲ. ಊರಿನಲ್ಲಿ ಡಾಕ್ಟರರಿದ್ದರೂ ಅವರು ಗಂಡಸರು. ಗೋಷಾ ಮನೆಗಳಲ್ಲಿ ಮಾತ್ರವಲ್ಲ, ಮಡಿಯ ಮನೆಗಳಲ್ಲಿಯೂ ಅವರನ್ನು ಒಳಗೆ ಕರೆಯುವಂತಿರಲಿಲ್ಲ. ಒಂದೇ ರಾತ್ರಿ ಮೂರು ಮನೆಗಳವರು ಬಂದು ಕರೆದು, ಹೆಣ್ಣು ಡಾಕ್ಟರಿಲ್ಲವೆಂದು ಹಿಂತಿರುಗಿ, ಬೆಳಗಾಗುವುದರೊಳಗೆ ಮೂವರು ಬಾಣಂತಿಯರನ್ನು ಕಳೆದುಕೊಂಡುದನ್ನು ಕಂಡು ಈಡಾ ಸ್ಕಡರ್ ಎಂಬ ತರುಣಿಯು ವೈದ್ಯವಿದ್ಯೆಯನ್ನು ಕಲಿಯಲು ಹೊರಟ ವೃತ್ತಾಂತವನ್ನು ನಮ್ಮ ಶಾಲೆಗಳಲ್ಲಿ ಓದಿದವರೆಲ್ಲ ಬಲ್ಲರು. ವೆಲ್ಲೂರಿನ ಆಸ್ಪತ್ರೆಯು ಹುಟ್ಟಿದ್ದು ಹಾಗೆ. ನಮ್ಮ ಮೈಸೂರು ಸೀಮೆಯಲ್ಲಿ 1906ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು ತೆರೆಯಿತು. ನಮ್ಮ ತೆಂಗಿನ ಸೀಮೆಗೆ ಹತ್ತಿರವಾದ ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆಯು ಹುಟ್ಟಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯ ಬಾಗಿಲು ತೆರೆದದ್ದು 1935ರಲ್ಲಿ.

ಉಡುಪಿಯಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದವರು ಸ್ವಿಟ್ಜರ್ಲೆಂಡಿನಿಂದ ಬಂದ ಡಾಕ್ಟರ್ ಈವಾ ಲೊಂಬಾರ್ಡ್ ಎಂಬ ಮಹಿಳೆ. ಬಾಸೆಲ್ ಮಿಶನ್ನಿನ ಪರವಾಗಿ ಅವರು 1923ರಲ್ಲಿ ಅಲ್ಲಿ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ಆರಂಭಿಸಿದರು. ಅದು ಈಗಲೂ ಅವರ ಹೆಸರಿನಲ್ಲಿ ನಡೆಯುತ್ತಿದ್ದು, ಊರಿನವರ ಬಾಯಲ್ಲಿ ಮಿಶನ್ ಆಸ್ಪತ್ರೆ ಎನಿಸಿಕೊಂಡಿದೆ. ಹೀಗೆ ಒಂದೇ ಊರಿನಲ್ಲಿ ಪರದೇಶದ ಕ್ರೈಸ್ತ ಮಹಿಳೆಯೊಬ್ಬರು ತಮ್ಮ ವಿದ್ಯೆಯನ್ನೂ, ಆ ಊರಿನ ಮುಸಲ್ಮಾನ ವರ್ತಕರೊಬ್ಬರು ತಮ್ಮ ನೆಲವನ್ನೂ ರೋಗಿಗಳಿಗಾಗಿ ಕೊಟ್ಟರು.

ಹಾಜಿ ಅಬ್ದುಲ್ಲಾ ಸಾಹೇಬರು ಕೊಟ್ಟ ನೆಲವು ಸುಮಾರು ನಾಲ್ಕು ಎಕರೆ. ಅದು ಊರಾಚೆಯ ಬರಡು ಭೂಮಿಯಲ್ಲ. ಉಡುಪಿಯ ನಡುವಿನ ಜಾಗ. ನಾಲ್ಕು ಎಕರೆಯೆಂದರೆ ಎಷ್ಟೆಂಬುದನ್ನು ನಮ್ಮ ವಾಚಕರಿಗೆ ಮರದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುವುದು. ಎಕರೆಗೆ ನಲವತ್ತೋ ಐವತ್ತೋ ತೆಂಗಿನ ಮರದಂತೆ ಇಟ್ಟರೆ ಇನ್ನೂರು ಮರಗಳ ಒಂದು ತೋಟ. ತಿಪಟೂರಿನ ಕಡೆ ಇನ್ನೂರು ಫಲದ ಮರಗಳಿರುವ ಸಂಸಾರವು ಯಾರ ಮುಂದೆಯೂ ಕೈಯೊಡ್ಡದೆ ಬಾಳಬಹುದು. ಹೆಣ್ಣುಮಗಳ ಮದುವೆಗೆ ತೋಟದ ಒಂದು ಮೂಲೆಯನ್ನು ಮಾರಬೇಕಾಗಿ ಬಂದರೆ ಮನೆಯ ಯಜಮಾನನು ರಾತ್ರಿಯೆಲ್ಲ ನಿದ್ದೆ ಮಾಡನು. ಅಷ್ಟು ನೆಲವನ್ನು, ಅದೂ ಪೇಟೆಯ ಬೆಲೆ ಬಾಳುವ ನೆಲವನ್ನು, ಅವರು ಬಡವರ ಆಸ್ಪತ್ರೆಗೆಂದು ಬಿಟ್ಟುಕೊಟ್ಟರು.

ನಗದು ಹಣವನ್ನು ಕೊಟ್ಟಿದ್ದರೆ ಏನಾಗುತ್ತಿದ್ದಿತೆಂದು ನಾವು ಯೋಚಿಸಿದ್ದುಂಟು. ಬ್ಯಾಂಕನ್ನು ನಡೆಸಿದವರಿಗೆ ಹಣದ ಸ್ವಭಾವವು ಗೊತ್ತಿರದೆ ಇಲ್ಲ. ಹಣವು ಕೈಯಿಂದ ಕೈಗೆ ಹೋಗುತ್ತ ಸವೆಯುತ್ತದೆ; ಒಂದು ವರ್ಷದ ಔಷಧಿಗೆ ಆಗುತ್ತದೆ, ಹತ್ತು ವರ್ಷದ ಮೇಲೆ ಅದರ ಬೆಲೆಯೇ ಇಳಿಯುತ್ತದೆ. ನೆಲವು ಸವೆಯುವುದಿಲ್ಲ. ಅದರ ಮೇಲೆ ಒಂದು ಕಟ್ಟಡ ಹಳೆಯದಾದರೆ ಇನ್ನೊಂದನ್ನು ಕಟ್ಟಬಹುದು. ಸರ್ಕಾರಗಳು ಬದಲಾದರೂ, ಮದರಾಸು ಪ್ರಾಂತ ಹೋಗಿ ಮೈಸೂರು ರಾಜ್ಯ ಬಂದು ಅದು ಕರ್ನಾಟಕವಾದರೂ, ನೆಲವು ಇದ್ದಲ್ಲೇ ಇತ್ತು. ಸಾಹೇಬರು ಹೀಗೆಯೇ ಯೋಚಿಸಿದರೆಂದು ನಾವು ಹೇಳುವುದಿಲ್ಲ. ಆದರೆ ಫಲವು ಹೀಗೆಯೇ ಆಯಿತು. ಮಲ್ಪೆಯ ಮೀನುಗಾರರ ಹೆಂಡಿರು, ಗದ್ದೆಯಲ್ಲಿ ನಾಟಿ ಮಾಡುವ ಕೂಲಿಯವರು, ಬೀಡಿ ಕಟ್ಟುವವರು ಎಲ್ಲರೂ ಹೆರಿಗೆಗೆ ಬರುವ ಸರ್ಕಾರಿ ಆಸ್ಪತ್ರೆಯು ಆ ನೆಲದ ಮೇಲೆ ಹಲವಾರು ದಶಕಗಳು ನಡೆಯಿತು. ಉಡುಪಿಯಲ್ಲಿ ದೊಡ್ಡ ದೊಡ್ಡ ಖಾಸಗಿ ಆಸ್ಪತ್ರೆಗಳು ಎದ್ದ ಮೇಲೆಯೂ, ನೆರೆಯ ಮಣಿಪಾಲದಲ್ಲಿ ವೈದ್ಯವಿದ್ಯೆಯ ನಗರವೇ ಬೆಳೆದ ಮೇಲೆಯೂ, ಕೈಯಲ್ಲಿ ಕಾಸಿಲ್ಲದ ಬಸುರಿಗೆ ಹೋಗುವ ಜಾಗವೆಂದರೆ ಅದೇ ಆಗಿತ್ತು.

ಸಾಹೇಬರ ಕೊನೆಯ ಕಾಲವನ್ನು ಕುರಿತು ಹೆಚ್ಚು ಬರೆಯಲು ನಮಗೆ ಇಷ್ಟವಿಲ್ಲ. ಕೊಡುವ ಕೈ ಹಿಡಿತವನ್ನು ಅರಿಯದೆ, ಸಿರಿಯೆಲ್ಲ ಕರಗಿ, ಅವರು ಕಷ್ಟದಲ್ಲಿ ಕಣ್ಮುಚ್ಚಿದರೆಂದು ಉಡುಪಿಯ ಹಿರಿಯರು ಹೇಳುವರು. ಅವರು ತೀರಿಕೊಂಡುದು 1935ರಲ್ಲಿ. ಪ್ರಾಯ ಐವತ್ಮೂರರ ಸುಮಾರು. ಅವರ ಸಾವಿನ ಸುತ್ತ ಹಲವು ಮಾತುಗಳು ಹುಟ್ಟಿಕೊಂಡಿವೆ. ದಾನಿಯು ಬಡವನಾದುದನ್ನು ಜನರು ಒಂದು ಬಗೆಯ ಕುತೂಹಲದಿಂದ ಹೇಳಿಕೊಳ್ಳುತ್ತಾರೆ, ಕೊಡದೆ ಇರುವುದೇ ಜಾಣತನವೆಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವವರ ಹಾಗೆ. ನಾವು ಆ ಮಾತುಗಳನ್ನು ಇಲ್ಲಿ ಸೇರಿಸಿಲ್ಲ.

ಬ್ಯಾಂಕಿನ ಮುಂದಿನ ಚರಿತ್ರೆಯು ಬೇಗ ಹೇಳಿ ಮುಗಿಸುವಂಥದು. ಅದು ಹೆಸರನ್ನು ಬದಲಾಯಿಸಿಕೊಂಡು 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಆಯಿತು, 1980ರಲ್ಲಿ ರಾಷ್ಟ್ರೀಕರಣವಾಯಿತು. ಉಡುಪಿಯಲ್ಲಿ ಸಾಹೇಬರು ವಾಸವಾಗಿದ್ದ ಮನೆಯನ್ನು ಬ್ಯಾಂಕಿನವರು ಜೋಪಾನ ಮಾಡಿ, 2011ರಲ್ಲಿ ಅಲ್ಲಿ ನಾಣ್ಯಗಳ ವಸ್ತುಸಂಗ್ರಹಾಲಯವನ್ನು ತೆರೆದರು. ಹಳೆಯ ರಾಜವಂಶಗಳ ನಾಣ್ಯಗಳನ್ನೂ ಬ್ಯಾಂಕಿನ ಹಳೆಯ ದಿನಗಳ ವಸ್ತುಗಳನ್ನೂ ಅಲ್ಲಿ ಇರಿಸಿದರು.

ಇನ್ನು ನೆಲದ ಕಥೆ. 2016ರಲ್ಲಿ ಸರ್ಕಾರವು ಆ ಆಸ್ಪತ್ರೆಯನ್ನು ನಡೆಸುವ ಭಾರವನ್ನು ಉಡುಪಿ ಮೂಲದ, ಹೊರದೇಶದಲ್ಲಿ ಸಂಪಾದಿಸಿದ ಉದ್ಯಮಿಯೊಬ್ಬರ ಸಂಸ್ಥೆಗೆ ಒಪ್ಪಿಸಿತು. ಒಪ್ಪಂದದ ಸಾರವಿಷ್ಟು: ಸಂಸ್ಥೆಯವರು ತಮ್ಮ ಖರ್ಚಿನಲ್ಲಿ 200 ಹಾಸಿಗೆಗಳ ತಾಯಿ ಮಕ್ಕಳ ಆಸ್ಪತ್ರೆಯನ್ನು ಕಟ್ಟಿ ಬಡವರಿಗೆ ಉಚಿತವಾಗಿ ನಡೆಸುವುದು, ಅದೇ ನೆಲದ ಇನ್ನೊಂದು ಭಾಗದಲ್ಲಿ ಹಣ ಕೊಟ್ಟು ಚಿಕಿತ್ಸೆ ಪಡೆಯುವ ದೊಡ್ಡ ಆಸ್ಪತ್ರೆಯೊಂದನ್ನು ತಮಗಾಗಿ ಕಟ್ಟಿಕೊಳ್ಳುವುದು. ಊರಿನಲ್ಲಿ ಎರಡು ಮಾತಾಯಿತು. ಹಳೆಯ ಕಟ್ಟಡದಲ್ಲಿ ಹಾಸಿಗೆ ಸಾಲದೆ ಕಷ್ಟಪಟ್ಟವರು, ಯಾರು ಕಟ್ಟಿದರೇನು, ಹೊಸ ಆಸ್ಪತ್ರೆ ಬರಲೆಂದರು. ಬಡವರಿಗೆಂದು ಬಿಟ್ಟ ನೆಲದ ಮೇಲೆ ಲಾಭದ ಆಸ್ಪತ್ರೆಯು ಬರಕೂಡದೆಂದು ಇನ್ನು ಕೆಲವರು ಬೀದಿಗಿಳಿದು ಪ್ರತಿಭಟಿಸಿದರು. ಇಬ್ಬರ ಮಾತಿನಲ್ಲಿಯೂ ನ್ಯಾಯವಿದ್ದಿತೆಂದು ನಾವು ಭಾವಿಸುತ್ತೇವೆ. ಆದರೆ ತೂಗಿ ನೋಡಿದರೆ ಎರಡನೆಯವರ ಮಾತಿನ ಕಡೆಗೇ ನಮ್ಮ ಮನಸ್ಸು ವಾಲುತ್ತದೆ. ದಾನ ಮಾಡಿದವರು ಬದುಕಿದ್ದರೆ ಅವರನ್ನೇ ಕೇಳಬಹುದಿತ್ತು. ಅವರಿಲ್ಲದಿರುವಾಗ ಅವರು ಯಾರಿಗಾಗಿ ಕೊಟ್ಟರೋ ಅವರನ್ನಾದರೂ ಕೇಳಬೇಕಾಗಿದ್ದಿತು.

2017ರ ನವೆಂಬರಿನಲ್ಲಿ ತಾಯಿ ಮಕ್ಕಳ ಹೊಸ ಆಸ್ಪತ್ರೆಯು ತೆರೆಯಿತು. ಕಟ್ಟಿಸಿದವರು ತಮ್ಮ ತಾಯ್ತಂದೆಯರ ಹೆಸರನ್ನು ಅದಕ್ಕೆ ಇಟ್ಟರು. ಆದರೆ ನೆಲ ಕೊಟ್ಟವರ ಹೆಸರನ್ನು ಬಿಡಲಿಲ್ಲ. ಕೂಸಮ್ಮ ಶಂಭು ಶೆಟ್ಟಿ ಸ್ಮಾರಕ ಹಾಜಿ ಅಬ್ದುಲ್ಲಾ ತಾಯಿ ಮತ್ತು ಮಕ್ಕಳ ಆಸ್ಪತ್ರೆ ಎಂಬುದು ಅದರ ಪೂರ್ಣ ಹೆಸರಾಯಿತು. ಕಟ್ಟಡವು ಅಚ್ಚುಕಟ್ಟಾಗಿದ್ದಿತು, ಚಿಕಿತ್ಸೆಯು ಉಚಿತವಾಗಿದ್ದಿತು, ಬಡವರು ನೆರೆದರು. ಆದರೆ ಕೆಲವೇ ವರ್ಷಗಳಲ್ಲಿ, ಹೊರದೇಶದಲ್ಲಿದ್ದ ವ್ಯಾಪಾರವು ಕುಸಿದುದರಿಂದ, ಇಲ್ಲಿಯ ಹಣದ ಒರತೆಯೂ ಬತ್ತಿತು. ದಾದಿಯರಿಗೂ ಇತರ ನೌಕರರಿಗೂ ತಿಂಗಳುಗಟ್ಟಲೆ ಸಂಬಳ ಬಾರದೆ ಅವರು ಮುಷ್ಕರ ಹೂಡಿದರು. ಲಾಭದ ಆಸ್ಪತ್ರೆಗಾಗಿ ಆಳವಾಗಿ ಅಗೆದಿದ್ದ ಅಡಿಪಾಯದ ಹೊಂಡದಲ್ಲಿ ಕೆಲಸ ನಿಂತು ಮಳೆಯ ನೀರು ತುಂಬಿಕೊಂಡಿತು. ಕೊನೆಗೆ 2022ರಲ್ಲಿ ಸರ್ಕಾರವೇ ಆಸ್ಪತ್ರೆಯನ್ನು ಮರಳಿ ತನ್ನ ಕೈಗೆ ತೆಗೆದುಕೊಂಡಿತು.

ಒಬ್ಬ ದಾನಿಯ ಸಿರಿ 1935ರ ಹೊತ್ತಿಗೆ ಕರಗಿದ್ದಿತು; ಇನ್ನೊಬ್ಬರದು ನಮ್ಮ ಕಣ್ಣೆದುರಿಗೇ ಕರಗಿತು. ಇದರಲ್ಲಿ ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ತೆಗಳುವುದು ಸುಲಭ. ನಾವು ಹಾಗೆ ಮಾಡುವುದಿಲ್ಲ. ವ್ಯತ್ಯಾಸವು ಕೊಟ್ಟ ಬಗೆಯಲ್ಲಿದೆ. ಎರಡನೆಯ ದಾನವು ಪ್ರತಿ ತಿಂಗಳೂ ದಾನಿಯ ಕೈಯಿಂದಲೇ ಬರಬೇಕಾಗಿದ್ದಿತು, ಅವರ ಕೈ ನಿಂತಾಗ ಅದೂ ನಿಂತಿತು. ಸಾಹೇಬರು ಒಮ್ಮೆ ಕೊಟ್ಟು ಕೈತೊಳೆದುಕೊಂಡಿದ್ದರು. ಅವರು ಬಡವರಾದ ದಿನ ಆಸ್ಪತ್ರೆಯ ನೆಲವು ಬಡವಾಗಲಿಲ್ಲ.

2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. 38 ರೂಪಾಯಿ 13 ಆಣೆ 2 ಪೈಗಳಿಂದ ಮೊದಲಾದ ಸಂಸ್ಥೆಯ ಹೆಸರು ಫಲಕಗಳಿಂದ ಇಳಿಯಿತು. ಆಸ್ಪತ್ರೆಯ ಉದ್ದವಾದ ಹೆಸರಿನ ನಡುವೆ ಹಾಜಿ ಅಬ್ದುಲ್ಲಾ ಎಂಬ ಹೆಸರು ಉಳಿದುಕೊಂಡಿತು.